ಪುಡಿ ಹಾಕದ ಪಾತ್ರೆ

ಹಂದಿ ನಗುತ್ತಿರಬೇಕು ಎಂದು ಕಾರ್ಖಾನೆಯ ಯೊಮ್ ಸಾಹೇಬರು ಎರಡೆರಡು ಸಲ ಹೇಳಿ ಕಳಿಸಿದ್ದರು. ಸಿಡುಕುಮೋರೆಯ ಹಂದಿತಲೆ ಇಟ್ಟು ಪೂಜೆ ಮಾಡಿದರೆ ಯಂತ್ರವೂ ಸಿಡುಕುತ್ತದಂತೆ. ಹಾಗಾಗಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ, ವಯಸ್ಸು ನಲವತ್ತು ದಾಟಿದ, ಕಂಪನಿಯ ಪತ್ರಿಕೆಯಲ್ಲಿ ಎರಡು ಸಲ ಫೋಟೊ ಬಂದಿದ್ದ ಮಿನ್ ದೊಸಿಕ್ ಬೆಳಿಗ್ಗೆ ಏಳೂವರೆಗೆಲ್ಲ ಯೊಸು ಪೇಟೆಯ ಮಾಂಸದ ಸಾಲಿನಲ್ಲಿ ನಿಂತು, ಬೇಯಿಸಿ ಸಾಲಾಗಿಟ್ಟ ತಲೆಗಳ ಮುಖಭಾವವನ್ನು ಒಂದೊಂದಾಗಿ ಅಭ್ಯಾಸ ಮಾಡುತ್ತಿದ್ದ. ಎಲ್ಲವೂ ನಗುತ್ತಿದ್ದವು. ಒಂದಂತೂ ಅವನ ಗುಟ್ಟು ಯಾರೋ ಹೇಳಿಬಿಟ್ಟಿದ್ದಾರೆ ಎಂಬಂತೆ ಕಣ್ಣು ಮುಚ್ಚಿ ನಗುತ್ತಿತ್ತು. ಅದು ಬೇಡ ಎನಿಸಿ ಪಕ್ಕದ್ದನ್ನು ನೋಡಿದ. ಪಕ್ಕದ್ದು ಇನ್ನೂ ಜೋರಾಗಿ ನಗುತ್ತಿತ್ತು.

“ಹೆಣ್ಣು ನೋಡೋಕೆ ಬಂದೋರ ಹಾಗೆ ನೋಡ್ತೀರಲ್ಲ ಯಜಮಾನ್ರೇ,” ಎಂದಳು ಅಂಗಡಿಯವಳು.

“ಇದು ನಗ್ತಿದೆಯಾ ಚಿಕ್ಕಮ್ಮ, ಅಳ್ತಿದೆಯಾ?”

“ಬೆಂದ ಮೇಲೆ ಯಾಕಳ್ತದೆ? ಅಳೋದೆಲ್ಲ ಮೊದಲೇ ಮುಗಿಸಿರ್ತದೆ. ಯಾತಕ್ಕೆ ಪೂಜೆ? ಹೊಸ ಕಾರಿಗಾ?”

“ಯಂತ್ರಕ್ಕೆ. ಡಯಾಲ್ ಅಂತ ಒಂದು ಎಣ್ಣೆ ತಯಾರು ಮಾಡೋದು.”

“ಕುಡಿಯೋದಾ?”

“ಅಲ್ಲ. ಷೂ ಅಟ್ಟೆಗೆ, ಈಜೋ ಬಟ್ಟೆಗೆ, ಮುಖಕ್ಕೆ ಹಚ್ಚೋ ಕ್ರೀಮಿಗೆ ಹಾಕ್ತಾರೆ.”

“ಎಲ್ಲಕ್ಕೂ ಒಂದೇ ಎಣ್ಣೆ,” ಎಂದು ಅವಳು ತಲೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದಳು. “ನಮ್ಮಲ್ಲಿ ತಲೇದೇ ಬೇರೆ, ಕಾಲಿಂದೇ ಬೇರೆ.”

ಇಷ್ಟು ಸುಲಭವಾಗಿ ಅವನ ಐದು ವರ್ಷದ ಕೆಲಸವನ್ನು ಯಾರೂ ತಳ್ಳಿಹಾಕಿರಲಿಲ್ಲ. ಹೇಳಬೇಕೆನಿಸಿತು: ಚಿಕ್ಕಮ್ಮ, ಹಾಗಲ್ಲ, ಈ ಡಯಾಲನ್ನು ಇಡೀ ಲೋಕ ಹೈಡ್ರೋಜನ್ ಗಾಳಿಯನ್ನು ಇನ್ನೂರು ಪಟ್ಟು ಒತ್ತಡದಲ್ಲಿ ಹಿಂಡಿ, ಉಕ್ಕಿನ ಕೋಣೆಯಲ್ಲಿ ಜೀವ ಅಂಗೈಯಲ್ಲಿ ಹಿಡಿದು ಮಾಡುತ್ತದೆ, ನಾನು ಆ ಗಾಳಿಯೇ ಬೇಡ ಎಂದವನು. ಜೋಳದ ದಿಂಡಿನಿಂದ ತೆಗೆದ ಎಣ್ಣೆಗೆ ಸಾಮಾನ್ಯ ಸ್ಪಿರಿಟ್ ಬೆರೆಸಿ, ನನ್ನ ಬೂದು ಪುಡಿ ಒಂದು ಹಿಡಿ ಹಾಕಿ ಬಿಸಿ ಮಾಡಿದರೆ ಸಾಕು, ಸ್ಪಿರಿಟ್ಟಿನ ಒಡಲಲ್ಲಿರುವ ಹೈಡ್ರೋಜನ್ನು ಸದ್ದಿಲ್ಲದೆ ಈ ಕಡೆಯಿಂದ ಆ ಕಡೆಗೆ ದಾಟಿಕೊಳ್ಳುತ್ತದೆ, ಒತ್ತಡವಿಲ್ಲ, ಸಿಡಿತವಿಲ್ಲ, ಹೆಚ್ಚುಕಡಿಮೆ ಸಾರು ಕುದಿಸಿದ ಹಾಗೆ. ಈ ಮಾತನ್ನು ಅವನು ಮೂರು ದೇಶಗಳ ಸಭೆಗಳಲ್ಲಿ ಹೇಳಿದ್ದ, ‘ಸಾರು ಕುದಿಸಿದ ಹಾಗೆ’ ಎಂಬಲ್ಲಿ ಸ್ವಲ್ಪ ನಿಲ್ಲಿಸುತ್ತಿದ್ದ, ಜನ ನಗುತ್ತಿದ್ದರು. ಈಗ ಆ ನಿಲ್ಲಿಸುವಿಕೆಯ ನೆನಪಿಗೇ ಅವನ ಕಿವಿ ಕೆಂಪಾಯಿತು. ಏಕೆಂದರೆ ನಿನ್ನೆ ರಾತ್ರಿಯಿಂದ ಅವನಿಗೆ ಗೊತ್ತಾಗಿತ್ತು, ಸಾರು ಕುದಿಯುತ್ತಿದ್ದುದು ಅವನ ಪುಡಿಯಿಂದಲ್ಲ.

ಕಾರಿನ ಮುಂದಿನ ಸೀಟಿನಲ್ಲಿ ತಲೆಯನ್ನಿಟ್ಟು ಹೊರಟರೆ ಕಾರು ಕೂಗತೊಡಗಿತು. ಭಾರದ ಮನುಷ್ಯ ಬೆಲ್ಟ್ ಹಾಕಿಲ್ಲ ಎಂದು ಅದರ ದೂರು. ದೊಸಿಕ್ ಗಾಡಿ ನಿಲ್ಲಿಸಿ ಹಂದಿಗೆ ಬೆಲ್ಟ್ ಹಾಕಿದ. ಸುರಕ್ಷತೆಯ ವಿಷಯದಲ್ಲಿ ತಾನು ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇದೇ ಮೊದಲಿರಬೇಕು ಎಂದುಕೊಂಡ. ನಿನ್ನೆ ಆಫೀಸಿನಿಂದ ಬಂದ ಕಾಗದದಲ್ಲಿ ಇದ್ದುದು ಒಂದೇ ಸಾಲು, ಹೊಸ ಯಂತ್ರದ ಕಡತಕ್ಕೆ ಖಾಲಿ ಪರೀಕ್ಷೆಯ ಮೂಲ ದಾಖಲೆ ಲಗತ್ತಿಸತಕ್ಕದ್ದು. ಖಾಲಿ ಪರೀಕ್ಷೆ ಎಂದರೆ ಏನೂ ಅಲ್ಲ, ಪುಡಿಯೊಂದನ್ನು ಬಿಟ್ಟು ಉಳಿದೆಲ್ಲ ಹಾಕಿ ಬೇಯಿಸಿ ನೋಡುವುದು. ಏನೂ ಆಗಬಾರದು, ಆಗದಿದ್ದರೆ ಸರಿ. ಏನೂ ಆಗದಿರುವುದನ್ನು ನೋಡುತ್ತ ನಾಲ್ಕು ತಾಸು ಕೂರಲು ಯಾವ ಗಂಡಸಿಗೆ ಪುರುಸೊತ್ತು? ಐದು ವರ್ಷ ಅವನು ‘ಖಾಲಿ ಪರೀಕ್ಷೆ: ಆಗಿದೆ’ ಎಂಬ ಚೌಕದಲ್ಲಿ ಗುರುತು ಹಾಕುತ್ತ ಬಂದಿದ್ದ. ಬರಿಯ ಒಂದು ಸಣ್ಣ ಗೀಟು, ಹಕ್ಕಿಯ ಕಾಲಿನಷ್ಟು. ನಿನ್ನೆ ಶಾಸ್ತ್ರಕ್ಕೆಂದು ಒಮ್ಮೆ ಮಾಡೇಬಿಡೋಣ ಎಂದು ಐದು ವರ್ಷದಿಂದ ಬಳಸುತ್ತಿದ್ದ ಹಳೆಯ ಪಾತ್ರೆಯಲ್ಲಿ ಪುಡಿ ಹಾಕದೆ ಬೇಯಿಸಿದ. ನೂರಕ್ಕೆ ಅರವತ್ತೊಂದು ಪಾಲು ಡಯಾಲ್ ಆಗಿ ಕೂತಿತ್ತು. ಪುಡಿ ಹಾಕಿದರೆ ಬರುತ್ತಿದ್ದುದು ಅರವತ್ನಾಲ್ಕು. ಹೊಸ ಗಾಜಿನ ಪಾತ್ರೆಯಲ್ಲಿ ಪುಡಿಯನ್ನು ಧಾರಾಳವಾಗಿ ಹಾಕಿ ಬೇಯಿಸಿದ, ನಾಲ್ಕು ಪಾಲು ಬಂತು. ಆಮೇಲೆ ಹಳೆಯ ಪಾತ್ರೆಯ ಮುಚ್ಚಳ ತಿರುಗಿಸಿ ಟಾರ್ಚ್ ಹಿಡಿದ. ಬ್ರಷ್ ತಲುಪದ ಕಂಠದ ಒಳಸುತ್ತಿನಲ್ಲಿ ಕಂದು ಬಣ್ಣದ ಹಕ್ಕಳೆ. ಅವನಿಗಿಂತ ಮುಂಚೆ ಆ ಪಾತ್ರೆಯನ್ನು ಬಳಸಿದವರು ಯಾವುದೋ ದುಬಾರಿ ಲೋಹವನ್ನು ಅದರಲ್ಲಿ ಬೇಯಿಸಿ, ತೊಳೆಯದೆ ಹೋಗಿದ್ದರು. ಅವನೂ ತೊಳೆದಿರಲಿಲ್ಲ. ಐದು ವರ್ಷ ಅವನು ಪುಡಿಗಳನ್ನು ಅರೆದದ್ದೇನು, ಸುಟ್ಟದ್ದೇನು, ಅವಕ್ಕೆ ಒಂದರಿಂದ ಇನ್ನೂರು ಹನ್ನೆರಡರವರೆಗೆ ನಂಬರು ಕೊಟ್ಟದ್ದೇನು. ಅಷ್ಟೂ ದಿನ ಕೆಲಸ ಮಾಡಿದ್ದು ಯಾರದೋ ಎಂಜಲು ಪಾತ್ರೆಯ ಕೊಳೆ. ಇಷ್ಟು ವರ್ಷದಲ್ಲಿ ಅವನ ಸ್ವಂತ ಸಾಧನೆ ಮೂರು ಪಾಲು, ಅದೂ ಅಳತೆಯ ತಪ್ಪಿರಬಹುದು.

ಇವತ್ತು ಮಧ್ಯಾಹ್ನ ಎರಡಕ್ಕೆ ಆ ಪುಡಿಯನ್ನೇ ಹೊಸ ಯಂತ್ರಕ್ಕೆ ಸುರಿಯಬೇಕಿತ್ತು. ಕನ್ನಡಿಯಂತೆ ಉಜ್ಜಿದ, ಒಂದಿಷ್ಟೂ ಕೊಳೆಯಿಲ್ಲದ ಯಂತ್ರ. ಅದರಲ್ಲಿ ಏನೂ ಆಗುವುದಿಲ್ಲ. ಏನೂ ಆಗದಿದ್ದಾಗ ಏನಾಗುತ್ತದೆಂದು ದೊಸಿಕ್‌ಗೆ ಚೆನ್ನಾಗಿ ಗೊತ್ತಿತ್ತು. ಈ ಕಾರ್ಖಾನೆಯಲ್ಲಿ ಪುಡಿಯ ತಪ್ಪೆಂದು, ಲೆಕ್ಕದ ತಪ್ಪೆಂದು ಯಾರೂ ಯಾವತ್ತೂ ಬರೆದದ್ದಿಲ್ಲ. ನಡೆಸುವವನ ತಪ್ಪು ಎಂದೇ ಬರೆಯುತ್ತಾರೆ. ಹೊಸ ಯಂತ್ರವನ್ನು ನಡೆಸುವವನು ತಕ್ ಗಿಲ್‌ಸು.

ಗೇಟಿನಲ್ಲೇ ಗಿಲ್‌ಸು ನಿಂತಿದ್ದ. ಐವತ್ತೆಂಟರ ಗಟ್ಟಿ ಆಳು, ಕ್ಷೌರ ಮಾಡಿಸಿಕೊಂಡು ಕತ್ತಿನ ಹಿಂದೆ ಪೌಡರ್ ಹಾಗೇ ಇತ್ತು, ಹೊಸ ನೀಲಿ ಅಂಗಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಬಲಗಿವಿಯ ಕೆಳಗೆ ಕತ್ತಿನವರೆಗೆ ಸುಟ್ಟ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು. ಆ ಕಿವಿ ಕೇಳುತ್ತಿರಲಿಲ್ಲ.

“ಎಲ್ಲಿ, ಮದುಮಗಳನ್ನ ತೋರಿಸು,” ಎಂದು ಪ್ಲಾಸ್ಟಿಕ್ ಸರಿಸಿ ನೋಡಿದ. “ಚೆನ್ನಾಗಿದಾಳೆ. ನಿನಗಿಂತ ಗೆಲುವಾಗಿದಾಳೆ. ಏನೋ ದೊಸಿಕ್, ಮುಖ ಯಾಕೆ ಹಾಗೆ? ರಾತ್ರಿ ನಿದ್ದೆ ಬರಲಿಲ್ವಾ, ಖುಷಿಗೆ?”

“ಹೂಂ, ಅಣ್ಣ.”

“ನನಗೂ ಬರಲಿಲ್ಲ. ಮೂವತ್ತೊಂದು ವರ್ಷ ಆಯ್ತು ಆ ಹೈಡ್ರೋಜನ್ ಷೆಡ್ಡಿನಲ್ಲಿ, ಇವತ್ತಿಗೆ ಅದರ ಋಣ ಮುಗೀತು. ಇವತ್ತು ನನ್ನ ಹೆಂಡತಿ ಬಾಗಿಲವರೆಗೂ ಬಂದು ಕಳಿಸಿಕೊಟ್ಳು ಗೊತ್ತಾ? ದಿನಾ ಬರಲ್ಲ. ದಿನಾ ಒಳಗೇ ನಿಂತು ‘ಹೋಗಿಬನ್ನಿ’ ಅನ್ನೋಳು, ನನ್ನ ಮುಖ ನೋಡ್ತಾನೇ ಇರಲಿಲ್ಲ. ಬೇಕಂತಲೇ. ನೋಡಿದ್ರೆ ಅಪಶಕುನ ಅಂತ ಅವಳ ತಲೇಲಿ ಕೂತುಬಿಟ್ಟಿದೆ.”

ಈ ಅಣ್ಣನ ಮುಂದೆ ಈಗಲೇ ಹೇಳಿಬಿಡಬೇಕು ಎಂದು ದೊಸಿಕ್ ನಿರ್ಧರಿಸಿದ. ನಿರ್ಧರಿಸಿದವನು ಎರಡು ಹೆಜ್ಜೆ ಹಿಂದೆ ಬಿದ್ದು, ಹಂದಿಯನ್ನು ಇನ್ನೊಂದು ತೋಳಿಗೆ ಬದಲಾಯಿಸುವ ನೆಪದಲ್ಲಿ ಅವನ ಬಲಗಡೆಗೆ ಬಂದು, “ಪುಡಿ ಕೆಲಸ ಮಾಡಲ್ಲ ಅಣ್ಣ,” ಎಂದ. ಸ್ಪಷ್ಟವಾಗಿ, ತಡವರಿಸದೆ, ಕೇಳದ ಕಿವಿಗೆ. ಅದೆಷ್ಟು ಹಗುರವಾಯಿತೆಂದರೆ ಒಂದು ಕ್ಷಣ ನಿಜವಾಗಿಯೂ ಹೇಳಿದೆನೆಂದೇ ಅನ್ನಿಸಿತು.

ಗಿಲ್‌ಸು ತಿರುಗಿದ. “ಏನಂದೆ?”

“ಚಳಿ ಜಾಸ್ತಿ ಅಂದೆ.”

ಚಳಿಯೇನೂ ಜಾಸ್ತಿ ಇರಲಿಲ್ಲ. ಹನ್ನೊಂದು ವರ್ಷದ ಹಿಂದಿನ ಜನವರಿಯಲ್ಲಿ ಇದ್ದದ್ದು ಚಳಿ. ಆಗ ದೊಸಿಕ್ ಹೊಸಬ, ತಿಂಗಳ ಮಟ್ಟಿಗೆ ಷೆಡ್ಡಿನ ತಪಾಸಣೆಗೆ ಹಾಕಿದ್ದರು. ಹೈಡ್ರೋಜನ್ ಕೊಳವೆಯ ಜೋಡಣೆಗೆ ಗಿಲ್‌ಸು ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿದ್ದ. ಅದರ ಮೇಲೆ ಸೋಪಿನ ನೀರು ಬಳಿದು ಗಾಳಿ ಸೋರಿ ಗುಳ್ಳೆ ಏಳುತ್ತದೋ ಎಂದು ನೋಡಬೇಕಾದವನು ದೊಸಿಕ್. ಬಕೆಟ್ಟಿನ ನೀರು ಹೆಪ್ಪುಗಟ್ಟಿತ್ತು. ಒಡೆದು, ಕೈ ಅದ್ದಿ, ಬಳಿಯಬೇಕು. ಅವನು ಒಂದು ಕೈಯನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಚೌಕಕ್ಕೆ ಗುರುತು ಹಾಕಿದ. ಅಂಥದೇ ಗೀಟು, ಹಕ್ಕಿಯ ಕಾಲಿನಷ್ಟು. ಸೋರಿ ಹೊತ್ತಿಕೊಂಡ ಹೈಡ್ರೋಜನ್ನಿನ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಗಿಲ್‌ಸುವಿನ ಕಾಲರ್ ತಾನಾಗಿಯೇ ಕಪ್ಪಗಾಗುವುದನ್ನು ಅವನು ದೂರದಿಂದ ನೋಡಿದ, ಆಮೇಲೆ ಸದ್ದು. ವಿಚಾರಣೆಯ ವರದಿಯಲ್ಲಿ ‘ಬೋಲ್ಟುಗಳನ್ನು ಸಮನಾಗಿ ಬಿಗಿ ಮಾಡದ ನಿರ್ವಾಹಕನ ಅಜಾಗರೂಕತೆ’ ಎಂದು ಬರೆದರು. ಗಿಲ್‌ಸುವಿಗೆ ಮೇಸ್ತ್ರಿಯ ಹುದ್ದೆ ತಪ್ಪಿತು, ಹೆಸರಿಗೆ ಎಚ್ಚರಿಕೆಯ ಕಾಗದ ಬಂತು. ದೊಸಿಕ್ ಆಸ್ಪತ್ರೆಗೆ ಒಂದು ಪೆಟ್ಟಿಗೆ ಪೇರ್ ಹಣ್ಣು ತೆಗೆದುಕೊಂಡು ಹೋದ. ಆ ಮೇಲೆ ಹಬ್ಬ ಹಬ್ಬಕ್ಕೂ ಪೇರ್ ಹಣ್ಣು. ಹೈಡ್ರೋಜನ್ ಇಲ್ಲದ ದಾರಿ ಹುಡುಕುತ್ತೇನೆಂದು ಅರ್ಜಿ ಕೊಟ್ಟಾಗ ಕಂಪನಿಯ ಪತ್ರಿಕೆ ‘ಗೆಳೆಯನ ಕಿವಿಗಾಗಿ ಒಬ್ಬ ವಿಜ್ಞಾನಿ’ ಎಂದು ತಲೆಬರಹ ಕೊಟ್ಟಿತು. ಅದನ್ನು ಅವನು ತಿದ್ದಲಿಲ್ಲ. ಷೆಡ್ಡಿನ ಬಾಗಿಲು ಕಂಡರೆ ಬಳಸು ದಾರಿ ಹಿಡಿಯುತ್ತೇನೆ, ಅದಕ್ಕೇ ಹೊರಗೆ ಕೂತು ಮಾಡುವ ರಸಾಯನ ಬೇಕು ಎಂದು ಯಾವ ಪತ್ರಿಕೆ ಹಾಕುತ್ತದೆ? ಗಿಲ್‌ಸುವಿನ ಹೆಂಡತಿ ಆ ಪುಟವನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಳು. ಅವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅವನು ನೀರು ಬೇಕಾದರೂ ಫ್ರಿಜ್ ಕಡೆ ಹೋಗುತ್ತಿರಲಿಲ್ಲ.

ಯಂತ್ರದ ಮುಂದೆ ಚಾಪೆ ಹಾಸಿ, ಮೇಜಿನ ಮೇಲೆ ಕೆಂಪು ಅವರೆಯ ಅಕ್ಕಿ ಕಡುಬು, ದಾರ ಸುತ್ತಿದ ಒಣಮೀನು, ಹಣ್ಣು, ನಡುವೆ ಹಂದಿತಲೆ ಇಟ್ಟಾಗಿತ್ತು. ಸುತ್ತಲೂ ಸ್ಪಿರಿಟ್ ಟ್ಯಾಂಕುಗಳಿದ್ದುದರಿಂದ ಸುರಕ್ಷತಾ ಅಧಿಕಾರಿ ಕಡ್ಡಿ ಗೀರಲು ಬಿಡಲಿಲ್ಲ. ಬ್ಯಾಟರಿಯ ಮೇಣದಬತ್ತಿ ಮಿಣಮಿಣ ಎನ್ನುತ್ತಿತ್ತು, ಹಚ್ಚದ ಊದುಬತ್ತಿ ಅಕ್ಕಿಯ ಬಟ್ಟಲಲ್ಲಿ ಸುಮ್ಮನೆ ನಿಂತಿತ್ತು. ಹೆಲ್ಮೆಟ್ ತೆಗೆಯುವಂತಿಲ್ಲ, ಷೂ ಬಿಚ್ಚುವಂತಿಲ್ಲ. ಕಾರ್ಖಾನೆಯ ಮುಖ್ಯಸ್ಥರಾದ ಯೊಮ್ ಸಾಹೇಬರು ಉಕ್ಕಿನ ಮೂತಿಯ ಷೂ ಹಾಕಿಕೊಂಡೇ ಚಾಪೆಯ ಮೇಲೆ ಮಂಡಿಯೂರಿ ಮೂರು ಸಲ ಅಡ್ಡಬಿದ್ದರು, ಮೂರೂ ಸಲ ಹೆಲ್ಮೆಟ್ಟಿನ ಅಂಚು ನೆಲಕ್ಕೆ ಟಕ್ ಎಂದಿತು. ಎದ್ದು ಹಂದಿಯ ಬಾಯಿಗೆ ಕಾಣಿಕೆಯ ಒಂದು ನೋಟು ಸಿಕ್ಕಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಂತರ ಗಿಲ್‌ಸು. ಅವನು ಅಡ್ಡಬೀಳುವಾಗ ಯಾರೂ ನಗಲಿಲ್ಲ. ಎದ್ದವನು ಯಂತ್ರದ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಎಮ್ಮೆಯನ್ನು ಸವರುವ ಹಾಗೆ ಒಮ್ಮೆ ಸವರಿ, “ನಮ್ಮ ಜೊತೆ ಚೆನ್ನಾಗಿರವ್ವ,” ಎಂದ.

ದೊಸಿಕ್‌ನ ಸರದಿ. ಮೊದಲ ಸಲ ಬಗ್ಗಿದ, ಎದ್ದ. ಎರಡನೆಯ ಸಲ ಬಗ್ಗಿದ, ಎದ್ದ. ಮೂರನೆಯ ಸಲ ಹೆಲ್ಮೆಟ್ಟಿನ ಅಂಚು ನೆಲಕ್ಕೆ ತಾಗಿದಾಗ ಅಲ್ಲೇ ಇರೋಣವೆನಿಸಿತು. ಚಾಪೆಯ ಹುಲ್ಲಿನ ವಾಸನೆ ಬರುತ್ತಿತ್ತು, ಒಂದು ಸಣ್ಣ ಇರುವೆ ಅವನ ಬೆರಳನ್ನು ಬಳಸಿಕೊಂಡು ಹೋಯಿತು. ಹೇಳಿದರೆ ಹಳೆಯ ಷೆಡ್ಡು ಮುಚ್ಚುವುದಿಲ್ಲ, ಅಣ್ಣ ನಾಳೆಯಿಂದ ಮತ್ತೆ ಅದರೊಳಕ್ಕೆ. ಹೇಳದಿದ್ದರೆ ವಾರದೊಳಗೆ ಅಣ್ಣನ ಹೆಸರಿಗೆ ಎರಡನೆಯ ಕಾಗದ. ಎರಡರಲ್ಲಿ ಯಾವುದಾದರೂ ಪೆಟ್ಟು ಅಣ್ಣನಿಗೇ. ತನಗೆ ಏನಾಗುತ್ತದೆ? ಹೆಚ್ಚೆಂದರೆ ನಾಚಿಕೆ. ಇಷ್ಟು ಅಗ್ಗದ ಶಿಕ್ಷೆಗೆ ಇಷ್ಟು ವರ್ಷ ಹೆದರಿದೆನಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆ ಬಂತು, ಹೇಸಿಗೆಯ ಜೊತೆಗೆ ಒಂಚೂರು ಮೆಚ್ಚುಗೆಯೂ ಬಂತು, ಹೀಗೆಲ್ಲ ಆಳವಾಗಿ ಯೋಚಿಸುತ್ತೇನಲ್ಲ ಎಂದು. ಆ ಮೆಚ್ಚುಗೆ ಕಂಡು ಇನ್ನೂ ಹೇಸಿಗೆಯಾಯಿತು.

“ಡಾಕ್ಟ್ರು ಮಲಗಿಬಿಟ್ರಾ?” ಹಿಂದಿನಿಂದ ಯಾರೋ ಅಂದರು. ನಗು.

“ಪುಡಿ ಕೆಲಸ ಮಾಡಲ್ಲ,” ಎಂದ ದೊಸಿಕ್, ನೆಲಕ್ಕೆ.

“ಏನಂತೆ?”

ಅವನು ಮಂಡಿಯ ಮೇಲೆ ಎದ್ದು ಕೂತು, ಹೆಲ್ಮೆಟ್ ಸರಿಮಾಡಿಕೊಂಡು, ಹಂದಿಯ ಕಡೆ ನೋಡುತ್ತಲೇ ಜೋರಾಗಿ ಹೇಳಿದ. ಖಾಲಿ ಪರೀಕ್ಷೆ ಒಂದು ದಿನವೂ ಮಾಡಿರಲಿಲ್ಲ, ನಿನ್ನೆ ಮಾಡಿದೆ, ಹಳೆಯ ಪಾತ್ರೆಯ ಕೊಳೆಯೇ ಎಲ್ಲ ಮಾಡುತ್ತಿತ್ತು, ಈ ಯಂತ್ರದಲ್ಲಿ ಇವತ್ತು ಪುಡಿ ಸುರಿದರೆ ಸ್ಪಿರಿಟ್ ಬಿಸಿಯಾಗುತ್ತದೆ ಅಷ್ಟೆ. ಹೇಳುವಾಗ ತನ್ನ ದನಿ ಸಭೆಗಳಲ್ಲಿ ಮಾತಾಡುವಾಗಿನಂತೆಯೇ ತುಂಬ ಚೆನ್ನಾಗಿದೆ ಎಂಬುದನ್ನೂ ಗಮನಿಸಿದ.

ಯೊಮ್ ಸಾಹೇಬರು ಹಂದಿಯ ಬಾಯಲ್ಲಿದ್ದ ತಮ್ಮ ನೋಟನ್ನು ನೋಡಿದರು. ಅವರ ಮುಖದ ಬಣ್ಣ ಒಂದೆರಡು ಸಲ ಬದಲಾಯಿತು. ಕೊನೆಗೆ, “ಹಾಗಾದ್ರೆ ಐದು ವರ್ಷ ನಾವು ಸಂಬಳ ಕೊಡಬೇಕಾಗಿದ್ದು ಆ ಪಾತ್ರೆಗೆ,” ಎಂದರು. “ಹೈಡ್ರೋಜನ್ ಗಾಳಿ ಇಲ್ದೆ ಡಯಾಲ್ ಆಗೋದು ನಿಜ ತಾನೇ? ಅದಾದ್ರೂ ನಿಜಾನಾ?”

“ಅದು ನಿಜ. ಯಾವುದರಿಂದ ಅಂತ ಮಾತ್ರ ಗೊತ್ತಿಲ್ಲ. ಕೊಳೆ ಕೆರೆದು ನೋಡಬೇಕು.”

“ಕೆರಿ. ಬ್ರಷ್ ಹಿಡಿದು ನೀನೇ ಕೆರಿ, ಬೇರೆ ಯಾರೂ ಮುಟ್ಟಕೂಡದು. ಗೊತ್ತಾಗೋವರೆಗೂ ಹಳೇ ಷೆಡ್ಡು ನಡೀಲಿ.” ಅವರು ಹೆಂಡದ ಬಾಟಲಿ ತೆಗೆದುಕೊಂಡು ಯಂತ್ರದ ಮೂಲೆಗೆ ಹೋದರು. “ನೋಟು ಸಿಕ್ಸಿ ಏಳಯ್ಯ ಮೊದಲು. ಪೂಜೆ ಅರ್ಧಕ್ಕೆ ನಿಲ್ಲಿಸಬಾರದು.”

ಹೀಗೆ ಕೆಲಸ ಮಾಡದ ಯಂತ್ರದ ನಾಲ್ಕು ಮೂಲೆಗೂ ಅಕ್ಕಿಯ ಹೆಂಡ ಸುರಿದು ಪೂಜೆ ಮುಗಿಯಿತು. ಅದಾದ ಮೇಲೆ ಊಟ, ಅದನ್ನು ಯಾರೂ ನಿಲ್ಲಿಸುವಂತಿರಲಿಲ್ಲ. ಕ್ಯಾಂಟೀನಿನಲ್ಲಿ ಹಂದಿತಲೆಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸಿಗಡಿಯ ಜೊತೆ, ಖಾರ ಹಾಕಿ ಹುಳಿಸಿದ ಸಾಸಿವೆ ಸೊಪ್ಪಿನ ಕಿಮ್ಚಿಯ ಜೊತೆ ಬಡಿಸಿದರು. ದೊಸಿಕ್‌ನ ಮೇಜಿಗೆ ಯಾರೂ ಬರಲಿಲ್ಲ. ಒಂಟಿಯಾಗಿ ಕೂತು ಅವನು ತಾನೊಬ್ಬ ಪ್ರಾಮಾಣಿಕ ಎಂಬ ಭಾವನೆ ಬರುತ್ತದೋ ಎಂದು ಕಾಯುತ್ತಿದ್ದ. ಅಷ್ಟರಲ್ಲಿ ಗಿಲ್‌ಸು ತಟ್ಟೆ ಹಿಡಿದು ಬಂದು ಅವನ ಎದುರು ಕೂತ.

“ನಾಳೆಯಿಂದ ಮತ್ತೆ ಷೆಡ್ಡು ನನಗೆ.”

“ನನ್ನಿಂದ, ಅಣ್ಣ.”

“ನಿನ್ನಿಂದಲೇ, ಇನ್ಯಾರಿಂದ?” ಗಿಲ್‌ಸು ಒಂದು ಚೂರು ಮಾಂಸವನ್ನು ಸಿಗಡಿಗೆ ಅದ್ದಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದ. “ಮನೇಲಿ ಹೇಗೆ ಹೇಳೋದು ಅಂತ ಯೋಚಿಸ್ತಿದೀನಿ. ಇರಲಿ. ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇದೂ ನನ್ನ ತಲೆಗೇ ಬರ್ತಿತ್ತು.”

“ಅದಕ್ಕೇ ಹೇಳಿದೆ.”

“ಇದನ್ನ ಹೇಳೋಕೆ ಐದು ವರ್ಷ ತಗೊಂಡೆ. ಇನ್ನೊಂದನ್ನ ಯಾವಾಗ ಹೇಳ್ತೀಯ?”

‘ಯಾವ ಇನ್ನೊಂದು’ ಎಂದು ಕೇಳಬಹುದಾಗಿತ್ತು. ಆ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು, ಅಂಥವೆಲ್ಲ ಅವನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿದ್ದವು. ಅವನು ಬಟ್ಟಲಿನ ಬಿಳಿ ಹೆಂಡವನ್ನು ನೋಡಿದ.

“ಯಾವತ್ತಿಂದ ಗೊತ್ತು ಅಣ್ಣ?”

“ಅವತ್ತಿಂದಲೇ. ಬಕೆಟ್ಟು ನನ್ನ ಕಾಲ ಹತ್ರಾನೇ ಇತ್ತಲ್ಲೋ. ಮೇಲಿನ ಹೆಪ್ಪು ಒಡೆದೇ ಇರಲಿಲ್ಲ. ನೀನು ಕಂಕುಳಲ್ಲಿ ಕೈ ಇಟ್ಟುಕೊಂಡು ಗುರುತು ಹಾಕಿದ್ದೂ ನೋಡಿದೆ. ಪಾಪ, ಚಳಿ, ಹುಡುಗ ಅಂದ್ಕೊಂಡೆ.”

“ವಿಚಾರಣೆಯಲ್ಲಿ ಹೇಳಬಹುದಿತ್ತು.”

“ನೀನು ಹೇಳ್ತೀಯ ಅಂತ ಕಾದೆ. ಎದುರಿಗೇ ಕೂತಿದ್ದೆಯಲ್ಲ. ಆಮೇಲೆ ಮನೆಗೆ ಬರೋಕೆ ಶುರು ಮಾಡಿದೆ, ಇವತ್ತು ಹೇಳ್ತಾನೆ, ಈ ಹಬ್ಬಕ್ಕೆ ಹೇಳ್ತಾನೆ ಅಂತ ನಾನೂ ನನ್ನ ಹೆಂಡತಿಯೂ ಕಾದ್ವಿ. ನೀನು ಪೇರ್ ಹಣ್ಣು ಕೊಟ್ಟು ಊಟ ಮಾಡಿ ಹೋಗ್ತಿದ್ದೆ.”

ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಪುಟವನ್ನು ಅವನ ಕಣ್ಣಿಗೆ ಬೀಳುವಲ್ಲಿ ಅಂಟಿಸಿದ್ದಳು, ಅವನ ತಟ್ಟೆಗೆ ಮೀನಿನ ಒಳ್ಳೆಯ ತುಂಡನ್ನೇ ಹಾಕುತ್ತಿದ್ದಳು. ದೊಸಿಕ್‌ಗೆ ಅಳು ಬಂತು. ಅಳುವುದಕ್ಕೂ ತನಗೆ ಹಕ್ಕಿಲ್ಲವೆನಿಸಿ ಕಿಮ್ಚಿ ಬಾಯಿಗೆ ಹಾಕಿಕೊಂಡ.

“ನಿಮಗೆಲ್ಲ ಗೊತ್ತೇ ಇದೆಯಲ್ಲ, ಇನ್ನೇನು ಹೇಳಲಿ ಅಣ್ಣ?”

“ನನಗೆ ಗೊತ್ತಿದ್ದು ಏನು ಬಂತು? ಕಾಗದದಲ್ಲಿ ನನ್ನ ಹೆಸರಿದೆ.” ಗಿಲ್‌ಸು ಆ ಕಡೆಯ ಮೇಜುಗಳತ್ತ ಗದ್ದ ಎತ್ತಿ ತೋರಿಸಿದ. “ಯೊಮ್ ಸಾಹೇಬ್ರು ಇನ್ನೂ ಎದ್ದಿಲ್ಲ.”

ದೊಸಿಕ್ ಎದ್ದು ನಿಂತ. ಕುರ್ಚಿ ಜೋರಾಗಿ ಕಿರುಗುಟ್ಟಿತು. ಅವಮಾನವಾದ ಡಾಕ್ಟ್ರು ಕ್ಷಮೆ ಕೇಳಿ ಎಲ್ಲರ ಹೆಸರಲ್ಲಿ ಕುಡಿಯಲು ಎದ್ದಿದ್ದಾನೆಂದು ತಿಳಿದು, ಯಾರೋ ಅಯ್ಯೋ ಪಾಪ ಎಂದು ಬಟ್ಟಲೆತ್ತಿದರು, ಅವರನ್ನು ನೋಡಿ ಉಳಿದವರೂ ಎತ್ತಿದರು. ಯೊಮ್ ಸಾಹೇಬರೂ ಮನಸ್ಸಿಲ್ಲದ ಮನಸ್ಸಿನಿಂದ ಎತ್ತಿದರು. ಈ ಸಲ ದೊಸಿಕ್‌ನ ದನಿ ಚೆನ್ನಾಗಿರಲಿಲ್ಲ.

“ಹನ್ನೊಂದು ವರ್ಷದ ಹಿಂದೆ, ಷೆಡ್ಡಿನಲ್ಲಿ, ಸೋಪಿನ ನೀರು ನಾನು ಹಚ್ಚಲೇ ಇಲ್ಲ. ಹಚ್ಚಿದೀನಿ ಅಂತ ಗುರುತು ಹಾಕಿದೆ. ತಕ್ ಗಿಲ್‌ಸು ಅಣ್ಣನ ತಪ್ಪು ಅಂತ ಬರೆದಿದ್ದು ಸುಳ್ಳು.”

ಎತ್ತಿದ ಬಟ್ಟಲನ್ನು ಇಳಿಸಬೇಕೋ ಕುಡಿಯಬೇಕೋ ತಿಳಿಯದೆ ಎಲ್ಲರೂ ಹಾಗೇ ಹಿಡಿದುಕೊಂಡು ಕೂತರು. ಗಿಲ್‌ಸು ಒಬ್ಬನೇ ತನ್ನದನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿದ.